ಕೀ ಬೇಡದ ಕೈಗಡಿಯಾರ

ಶಿಷ್ಯ ಕೇಳಿದ: “ಗುರುಗಳೇ, ಇಷ್ಟು ವರ್ಷ ಒಂದು ದಿನವೂ ತಪ್ಪಿಸದೆ ಬೆಳಗ್ಗೆ ಜಪಕ್ಕೆ ಕೂತೆ. ನಾನು ಕೂತರೂ ಸೂರ್ಯ ಹುಟ್ಟುತ್ತಾನೆ, ಕೂರದಿದ್ದರೂ ಹುಟ್ಟುತ್ತಾನೆ. ಹಾಗಿರುವಾಗ ನಾನು ಕೂರುವುದು ಯಾವ ಪುರುಷಾರ್ಥಕ್ಕೆ?”

ಗುರು ಒಂದು ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡವನು. ಕಾಫಿ ನಿಂತೇ ಕುಡಿಯುವನು, ಊಟವನ್ನೂ ನಿಂತೇ ಮುಗಿಸುವನು. ತನ್ನ ಮದುವೆಯಲ್ಲೂ ಧಾರೆಯ ಹೊತ್ತಿಗಷ್ಟೇ ಕೂತಿದ್ದನೆಂದು ನೆಂಟರು ಆಡಿಕೊಳ್ಳುತ್ತಿದ್ದರು.

ಅವನು ಕೂರುತ್ತಿದ್ದದ್ದು ದಿನಕ್ಕೆ ಒಂದೇ ಸಲ. ಅಪ್ಪನಿಂದ ಬಂದ ಕೈಗಡಿಯಾರವೊಂದು ಅವನಲ್ಲಿತ್ತು. ನಿಂತು ಕೀ ಕೊಟ್ಟರೆ ಒಳಗಿನ ಸ್ಪ್ರಿಂಗ್ ಮುರಿಯುತ್ತದೆ, ವ್ಯಾಪಾರದ ಮಾತಾಡುತ್ತ ಕೀ ಕೊಟ್ಟರೆ ಗಡಿಯಾರ ಮುಂದೋಡುತ್ತದೆ ಎಂದು ಅಪ್ಪ ಹೇಳಿದ್ದ. ನಿಜವೋ ಸುಳ್ಳೋ, ಆ ಮನೆಯಲ್ಲಿ ಅದು ಶಾಸ್ತ್ರ. ಹಾಗಾಗಿ ವರ್ತಕ ಬೆಳಗ್ಗೆ ಕೈ ತೊಳೆದು ಜಗಲಿಯ ಮೇಲೆ ಕೂತು, ನಿಧಾನವಾಗಿ ಕೀ ಕೊಡುತ್ತಿದ್ದ. ಹೆಂಡತಿ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ವ್ಯಾಪಾರದ ಮಾತು ಆಡುವಂತಿಲ್ಲವಲ್ಲ, ಅವನು ಅವಳ ಮಂಡಿನೋವು ವಿಚಾರಿಸುತ್ತಿದ್ದ.

ಒಂದು ದಿನ ಪೇಟೆಯ ನೂಕುನುಗ್ಗಲಿನಲ್ಲಿ ಆ ಗಡಿಯಾರ ಕಳೆದುಹೋಯಿತು. ಮರುದಿನದಿಂದ ವರ್ತಕ ಎದ್ದವನೇ ಚಪ್ಪಲಿ ಮೆಟ್ಟಿ ಹೊರಡತೊಡಗಿದ. ಗಡಿಯಾರ ಹೋದದ್ದಕ್ಕೆ ಅವನು ಮರುಗಿದ. ಅವಳು ಮರುಗಿದ್ದು ಬೇರೆಯದಕ್ಕೆ. ಅದನ್ನು ಯಾರಿಗೂ ಹೇಳಲಿಲ್ಲ.

ಅವಳು ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದಳು. ಕೊನೆಗೆ ಒಂದು ಕಡೆ ಮಾವನದನ್ನೇ ಹೋಲುವ ಗಡಿಯಾರ ಸಿಕ್ಕಿತು. ಅದೇ ಕೆನೆಬಣ್ಣದ ಮುಖ, ಅದೇ ತೆಳು ಮುಳ್ಳುಗಳು, ತೊಗಲಿನ ಪಟ್ಟಿ, ಪಕ್ಕದಲ್ಲಿ ಪುಟ್ಟ ತಿರುಪು.

“ನೋಡೋಕೆ ಅಜ್ಜನ ಕಾಲದ್ದು, ಒಳಗೆಲ್ಲ ಹೊಸದು ತಾಯಿ,” ಎಂದ ಅಂಗಡಿಯವನು. “ಸೆಲ್ ಮೇಲೆ ನಡೆಯುತ್ತೆ. ಕೀ ಕೊಡೋ ರಗಳೆಯೇ ಇಲ್ಲ.”

ಅವಳಿಗೆ ಬೇಕಾಗಿದ್ದದ್ದು ಆ ರಗಳೆಯೇ. ಬೇರೇನೂ ಸಿಗದೆ ಅದನ್ನೇ ಕೊಂಡಳು. ಸೆಲ್ಲಿನ ವಿಷಯ ಗಂಡನಿಗೆ ಹೇಳಿಬಿಡುವುದೆಂದುಕೊಂಡೇ ಮನೆಗೆ ಬಂದಳು.

ಬೆಳಗ್ಗೆ ಕೈಗೆ ಕೊಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ವರ್ತಕ ಕೈ ತೊಳೆದು ಜಗಲಿಯ ಮೇಲೆ ಕೂತು ತಿರುಪನ್ನು ತಿರುಗಿಸುತ್ತಿದ್ದ. “ಎಷ್ಟು ನುಣ್ಣಗೆ ತಿರುಗುತ್ತೆ ನೋಡೇ! ಹೊಸ ಮಾಲು ಅಂದರೆ ಹೊಸ ಮಾಲು,” ಎಂದ. ಹೆಂಡತಿ ಬಂದ ಮಾತನ್ನು ನುಂಗಿ ಪಕ್ಕದಲ್ಲಿ ಕೂತಳು.

ಬೆಳಗುಗಳು ಮರಳಿ ಬಂದವು. ಯಾರಾದರೂ ಇವನಿಗೆ ನಿಜ ಹೇಳಿಬಿಟ್ಟಾರೆಂಬ ಅಳುಕೂ ಜೊತೆಗೇ ಬಂತು. ಮನೆಗೆ ಬಂದ ನೆಂಟರು ಗಡಿಯಾರದ ಮೇಲೆ ಕಣ್ಣು ಹಾಕಿದರೆ ಅವಳು ಬೇಗ ಬೇಗ ಊಟಕ್ಕೆ ಎಲೆ ಹಾಕುತ್ತಿದ್ದಳು.

ಕೊನೆಗೊಂದು ದಿನ ಸೆಲ್ ಮುಗಿಯಿತು. ವರ್ತಕ ಎಷ್ಟು ಕೀ ಕೊಟ್ಟರೂ ಮುಳ್ಳು ಕದಲಲಿಲ್ಲ. ಅದನ್ನು ಗಡಿಯಾರದ ಅಂಗಡಿಗೆ ತೆಗೆದುಕೊಂಡು ಹೋದ. ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಯಜಮಾನ್ರೇ, ಇದಕ್ಕೆ ಕೀ ಕೊಡ್ತಿದ್ರಾ? ಕಲ್ಲೆಮ್ಮೆಯ ಹಾಲು ಕರೆದ ಹಾಗಾಯ್ತು!”

ವರ್ತಕ ಮನೆಗೆ ಬಂದ. ಅವನ ಮುಖ ಕಂಡೊಡನೆ ಹೆಂಡತಿಗೆ ಎಲ್ಲ ತಿಳಿಯಿತು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಒಂದು ಮಾತು ಹೇಳಬಾರದಿತ್ತಾ? ನಾಲ್ಕು ಜನರ ಎದುರು ನಗೆಪಾಟಲಾಗಿ ಬಂದೆ.”

“ಹೇಳಿದ್ದರೆ ನೀವು ಎದ್ದು ಹೋಗಿಬಿಡುತ್ತಿದ್ದಿರಿ.”

ವರ್ತಕ ಒಳಗೆ ನಡೆದ. ಊಟ ಮಾಡಿದ, ನಿಂತೇ.

ಮರುದಿನ ಬೆಳಗ್ಗೆ ಹೆಂಡತಿ ಅಡುಗೆಮನೆಯಿಂದ ಈಚೆ ಬರಲಿಲ್ಲ. ಅಂಗಡಿಯಲ್ಲಿ ಹೊಸ ಸೆಲ್ ಹಾಕಿಸಿಕೊಂಡಿದ್ದ ಗಡಿಯಾರ ಅವನ ಕೈಯಲ್ಲಿ ತನ್ನಷ್ಟಕ್ಕೆ ನಡೆಯುತ್ತಿತ್ತು. ಯಾರಿಂದ ಏನೂ ಬೇಕಿರಲಿಲ್ಲ ಅದಕ್ಕೆ. ಚಪ್ಪಲಿಯ ಸದ್ದಿಗಾಗಿ ಅವಳು ಕಿವಿಗೊಟ್ಟು ನಿಂತಳು. ಸದ್ದು ಬರಲಿಲ್ಲ. ಜಗಲಿಯಿಂದ ದನಿ ಬಂತು.

“ಎಲ್ಲಿದ್ದೀಯೇ? ಕೀ ಕೊಡೋ ಹೊತ್ತಾಯ್ತು, ಬಾ.”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ ಕೂತಳು.

ಗುರು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ನಗುತ್ತಿದ್ದ. ಆದರೂ ಬಿಡಲಿಲ್ಲ. “ಕತೆಯೇನೋ ಸೊಗಸಾಗಿದೆ. ಆದರೆ ಗುರುಗಳೇ, ಅವನು ಕೀ ಕೊಟ್ಟದ್ದರಿಂದ ಗಡಿಯಾರಕ್ಕೆ ಏನೂ ಆಗಲಿಲ್ಲ, ಅಲ್ಲವೆ?”

“ಏನೂ ಆಗಲಿಲ್ಲ,” ಎಂದರು ಗುರು. “ನೀನು ಜಪಕ್ಕೆ ಕೂತಾಗ ಪಕ್ಕದಲ್ಲಿ ಯಾರು ಬಂದು ಕೂರುತ್ತಾರೆಂದು ಒಮ್ಮೆಯಾದರೂ ತಿರುಗಿ ನೋಡಿದ್ದೀಯಾ?”