ಹೆಬ್ಬೆಟ್ಟಿನ ಗೀರು

ಹೊಳೆಯ ದಂಡೆಯ ಆ ಆಶ್ರಮದ ಗುರುಗಳು ಸನ್ಯಾಸಕ್ಕೆ ಬರುವ ಮೊದಲು ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಚೀಲದ ತಳದವರೆಗೆ ಕೈ ಹಾಕಿ ನೋಡದೆ ಮಾಲು ಕೊಂಡವರಲ್ಲ. ಶಿಷ್ಯರನ್ನೂ ಹಾಗೆಯೇ ನೋಡುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ದುಂಡಪ್ಪ ಅಲ್ಲಿಯ ಶಿಷ್ಯ. ಅವನ ತಾಯಿ ನೀಲವ್ವ ಆಶ್ರಮದ ಅಡುಗೆ ನೋಡಿಕೊಳ್ಳುತ್ತಿದ್ದಳು. ತಮ್ಮ ಸತ್ಯಪ್ಪ ಜೈಲಿನಲ್ಲಿದ್ದ. ಸಂತೆಯಲ್ಲಿ ಜಗಳ, ಕೈಗೆ ಸಿಕ್ಕ ಸಲಾಕೆ, ಒಂದು ಜೀವ ಹೋಗಿತ್ತು.

ಮೊದಲ ವರ್ಷ ಸತ್ಯಪ್ಪ ಅನ್ನ ಬಿಟ್ಟ. ಮೂಗಿನಲ್ಲಿ ನಳಿಕೆ ಇಳಿಸಿ ಉಳಿಸಿದರು. ಆಗ ನೀಲವ್ವ ಪತ್ರ ಬರೆಸತೊಡಗಿದಳು. ಅವಳಿಗೆ ಅಕ್ಷರ ಬಾರದು. ಅವಳು ಹೇಳುವಳು, ದುಂಡಪ್ಪ ಬರೆಯುವನು.

ಬುದ್ಧಿಮಾತು ಒಂದೂ ಇರುತ್ತಿರಲಿಲ್ಲ. "ಇವತ್ತು ಬದನಿಕಾಯಿ ಪಲ್ಯೆ ಮಾಡಿದ್ದೆ. ಉಪ್ಪು ಹೆಚ್ಚಾತು. ಅಜ್ಜಾರು ಸುಮ್ಮನ ಉಂಡ್ರು. ನೀ ಏನ್ ಉಂಡಿ, ಬರಿ." ಕೊನೆಗೆ ಅವಳ ಹೆಬ್ಬೆಟ್ಟು.

ಉತ್ತರ ಬರೆಯಬೇಕಾದರೆ ಉಣ್ಣಬೇಕು. ಸತ್ಯಪ್ಪ ಉಣ್ಣತೊಡಗಿದ. ಹೀಗೆ ಆರು ವರ್ಷ ನಡೆಯಿತು.

ಒಂದು ಮುಂಜಾನೆ ದುಂಡಪ್ಪ ತಮ್ಮನ ಪತ್ರ ಹಿಡಿದು ಗುರುಗಳ ಮುಂದೆ ಬಂದು ನಿಂತ.

"ಅಜ್ಜಾರ, ಒಂದು ಮಾತು ಕೇಳೂದೈತ್ರಿ."

"ಕೇಳು."

"ತಮ್ಮಗ ಹದಿನೈದು ದಿನ ಪೆರೋಲ್ ಸಿಗೂ ಹಂಗೈತಂತ. 'ಅರ್ಜಿ ಹಾಕಲೋ ಬ್ಯಾಡೋ, ಅವ್ವಾ, ಅಣ್ಣನ್ನ ಕೇಳಿ ಬರಿ' ಅಂದಾನ. ಅವ್ವ ಬ್ಯಾಡ ಅಂದಳು ಅಂತ ಬರೀಲೇನ್ರಿ?"

ಗುರುಗಳ ಕೈಯ ತಂಬಿಗೆ ನೆಲಕ್ಕೆ ಬಿತ್ತು. ನೀರು ಹರಿದು ಹೋಯಿತು. ಇಬ್ಬರೂ ಎತ್ತಲಿಲ್ಲ.

ನೀಲವ್ವ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅವಳನ್ನು ಮಣ್ಣು ಮಾಡುವಾಗ ಗುರುಗಳೇ ಮುಂದೆ ನಿಂತಿದ್ದರು.

"ಯಾವ ಅವ್ವ?"

ದುಂಡಪ್ಪ ನೆಲ ನೋಡಿದ.

"ನಿನ್ನ ತಮ್ಮಗ ಹೇಳೇ ಇಲ್ಲೇನು?"

"ಇಲ್ರಿ."

"ಮಣ್ಣಿನ ದಿನ ನನಗ ಏನಂದಿ? ಜೈಲಿನವರು ಅವನ್ನ ಬಿಡಲಿಲ್ಲ ಅಂದಿ."

"ನಾ ಜೈಲಿಗೆ ಸುದ್ದೀನ ಕೊಡಲಿಲ್ರಿ."

ಗುರುಗಳು ತಳದವರೆಗೆ ನೋಡಿದ್ದೇನೆ ಎಂದುಕೊಂಡಿದ್ದ ಶಿಷ್ಯ ಇವನು.

"ಮತ್ತ ಒಂಬತ್ತು ತಿಂಗಳ ಪತ್ರ?"

"ಬರದೀನ್ರಿ, ಅವ್ವ ಹೇಳಿದಂಗನ. ಪಲ್ಯೆ, ಸಾರು, ಉಪ್ಪು ಹೆಚ್ಚಾತು. ಅವನೂ ಉತ್ತರ ಬರದಾನ. ಅವ್ವ ಇಲ್ಲಂತ ಗೊತ್ತಾದ್ರ ಮತ್ತ ಅನ್ನ ಬಿಡ್ತಾನ್ರಿ. ಅವ್ವ ಹೋದಳು. ಇವನೂ ಹೋಗಲೇನು?"

"ಹೆಬ್ಬೆಟ್ಟು?"

"ನಂದ ಒತ್ತೀನ್ರಿ."

"ನಿಮ್ಮವ್ವನ ಹೆಬ್ಬೆಟ್ಟು ಹೆಂಗಿತ್ತು?"

"ಹೆಬ್ಬೆಟ್ಟು ಹೆಬ್ಬೆಟ್ಟಿನಂಗ ಇತ್ರಿ. ಅದರಾಗೇನ್ ನೋಡೂದು?"

"ಆರು ವರ್ಷ ಅದನ್ನ ಹಿಡದು ಶಾಯಿಗೆ ಒತ್ತಿದವ ನೀನ ಅಲ್ಲೇನು?"

ದುಂಡಪ್ಪ ಬಗ್ಗಿ ಬಿದ್ದ ತಂಬಿಗೆ ಎತ್ತಿಟ್ಟ.

"ಏನ್ ಬರಿಯಬೇಕಂತ ಮಾಡೀಯೋ ಅದನ್ನ ಬರಿ. ಹೆಬ್ಬೆಟ್ಟೂ ಒತ್ತು. ಆದ್ರ ಟಪಾಲಿಗೆ ಹಾಕಬ್ಯಾಡ. ನೀನ ಒಯ್ದು ಕೊಡು."

"ಎದುರಿಗೆ ನಿಂತು ಏನ್ ಹೇಳಲ್ರಿ?"

"ಏನೂ ಹೇಳಬ್ಯಾಡ. ಅವನು ಹೆಂಗ ಓದತಾನ ನೋಡಿ ಬಾ."

ಮೊದಲ ವರ್ಷ ಬಿಟ್ಟರೆ ದುಂಡಪ್ಪ ಜೈಲಿನ ಕಡೆ ಹೋದವನಲ್ಲ. ಪತ್ರ ಹೋಗುತ್ತದಲ್ಲ ಎನ್ನುತ್ತಿದ್ದ. ಈಗ 'ಅವ್ವ ಬ್ಯಾಡ ಅಂದಳು' ಎಂದು ಬರೆದ ಪತ್ರ ಹಿಡಿದು ಹೋದ. ಅಲ್ಲಿ ಪತ್ರ ಒಡೆದು ಓದಿ ಮುದ್ರೆ ಹಾಕುವ ಜಮಾದಾರ ಅವನ ಕೈಯ ಹಾಳೆ ನೋಡಿದ್ದೇ ನಕ್ಕ.

"ಓಹೋ, ಪಲ್ಯೆ ಪತ್ರದವರು! ನಿಮ್ಮವ್ವನ ಪತ್ರ ಓದಿದ ದಿನ ನನಗ ಮನಿ ಊಟ ರುಚಿ ಹತ್ತೂದಿಲ್ಲ ನೋಡ್ರಿ. ಆದ್ರ ಈಗೀಗ ಯಾಕ್ರಿ, ಬರೇ ಉಪ್ಪು ಹೆಚ್ಚಾತು, ಉಪ್ಪು ಹೆಚ್ಚಾತು ಅಂತಾರ? ವಯಸ್ಸಾತೇನು?"

ದುಂಡಪ್ಪ ಹಾಳೆಯನ್ನು ಮುದ್ರೆ ಹಾಕಲು ಮುಂದೆ ಚಾಚಿದ.

ಜಾಲರಿಯ ಆಚೆ ಸತ್ಯಪ್ಪ ಬಂದ. ತಲೆ ಅರ್ಧ ನೆರೆತಿತ್ತು. ಪತ್ರ ಬಿಚ್ಚಿದ, ಒಂದು ಸಾಲೂ ಓದಲಿಲ್ಲ. ಕೊನೆಯ ಹೆಬ್ಬೆಟ್ಟಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ಕಿಸೆಗೆ ಇಟ್ಟ.

"ಓದಲೇ ಇಲ್ಲಲ್ಲೋ?"

"ಇದು ನಿನ್ನ ಹೆಬ್ಬೆಟ್ಟು, ಅಣ್ಣ."

ದುಂಡಪ್ಪ ಜಾಲರಿ ಹಿಡಿದುಕೊಂಡ.

"ಅವ್ವನ ಹೆಬ್ಬೆಟ್ಟಿನಾಗ ಅಡ್ಡಕ ಈಳಿಗಿ ಕೊಯ್ದ ಗೀರಿತ್ತು. ಅಲ್ಲಿ ಶಾಯಿ ಹತ್ತತಿರಲಿಲ್ಲ, ಬಿಳೇ ಗೆರಿ ಉಳೀತಿತ್ತು. ಆರು ವರ್ಷ ದಿನಾ ಅದನ್ನ ನೋಡಿ ಉಂಡೀನಿ. ಶ್ರಾವಣದ ಪತ್ರದಾಗ ಗೆರಿ ಇರಲಿಲ್ಲ. ಅವತ್ತ ತಿಳೀತು."

"ಒಂಬತ್ತು ತಿಂಗಳಿಂದ ಗೊತ್ತೈತೇನು ನಿನಗ?"

"ಹೂಂ."

"ಮತ್ತ 'ಅವ್ವಾ, ಇವತ್ತು ಹುಳ್ಳಿ ಸಾರು ಉಂಡೆ' ಅಂತ ಯಾರಿಗೆ ಬರದಿ?"

"ನಿನಗ. ಅವ್ವ ಹೋದದ್ದು ನಿನಗ ತಡಕೊಳ್ಳಾಕ ಆಗವಲ್ದು ಅಂತ ತಿಳಕೊಂಡೆ. ನನಗ ಗೊತ್ತಾತು ಅಂದ್ರ ನೀ ಬರಿಯೂದನ್ನೂ ಬಿಟ್ಟೀ ಅಂತ ಅಂಜಿಕಿ."

ದುಂಡಪ್ಪ ತಾನು ಕಾಯುತ್ತಿದ್ದೇನೆ ಎಂದುಕೊಂಡಿದ್ದ ತಮ್ಮನೇ ಇಷ್ಟು ದಿನ ಅವನನ್ನು ಕಾಯುತ್ತಿದ್ದ.

"ಮಣ್ಣಿಗೆ ಕರೀಬೇಕಿತ್ತಣ್ಣ." ಸತ್ಯಪ್ಪನ ದನಿ ಏರಲಿಲ್ಲ. "ಅದೊಂದು ನನ್ನ ಹೊಟ್ಯಾಗ ಐತಿ, ಹೋಗೂದಿಲ್ಲ. ಆದ್ರ ಇಷ್ಟು ವರ್ಷದಾಗ ಒಂದು ಪತ್ರದಾಗಾದ್ರೂ ನೀ ಇದ್ದೀಯೇನು? ಅಣ್ಣ ಉಂಡಾನೋ ಇಲ್ಲೋ ಅಂತ ನಾ ಯಾರನ್ನ ಕೇಳಲಿ?"

ಕಾವಲಿನವನು ಹೊತ್ತಾಯಿತೆಂದು ಕೋಲು ಬಡಿದ.

"ಪೆರೋಲಿಗೆ ಅರ್ಜಿ ಹಾಕತೀಯೇನೋ?"

"ನಿನ್ನ ಪತ್ರ ಬರಲಿ. ಆಮ್ಯಾಲ ನೋಡೂಣು."

ಮರುದಿನ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ದುಂಡಪ್ಪ ಎಲ್ಲ ಹೇಳಿದ. ಹೇಳುವಾಗ ತನ್ನ ಹೆಬ್ಬೆಟ್ಟನ್ನೇ ನೋಡಿಕೊಳ್ಳುತ್ತಿದ್ದ.

"ಆ ಗೀರು ನಿಮಗ ಗೊತ್ತಿತ್ತೇನ್ರಿ?"

"ನನಗ ಬಡಿಸ್ತಿದ್ದ ಕೈ ಅದು. ಕಾಣದ ಇರತೈತೇನು?"

ಗುರುಗಳು ಒಂದು ಹಾಳೆ, ಒಂದು ಪೆನ್ನು ಅವನ ಮುಂದೆ ಇಟ್ಟರು.

"ಬರಿ."

ದುಂಡಪ್ಪ ಪೆನ್ನು ಹಿಡಿದು ಕುಳಿತ. ಬಿಸಿಲು ಎರಡು ಮೆಟ್ಟಿಲು ಇಳಿಯಿತು. ಹಾಳೆ ಬೆಳ್ಳಗೇ ಇತ್ತು. ನೂರಾರು ಪತ್ರ ಬರೆದ ಕೈ ಅದು.

"ಅಜ್ಜಾರ, ಏನಂತ ಬರೀಲಿ? ತಪ್ಪಾತು ಅಂತ ಬರೀಲಿ? ಬಂದು ಬಿಡು ಅಂತ ಬರೀಲಿ? ಏನೂ ತೋಚವಲ್ದು."

"ನಿನ್ನೆಯಿಂದ ಏನ್ ಉಂಡಿ?"

"ಏನೂ ಇಲ್ರಿ. ಗಂಟಲಾಗ ಇಳಿಯವಲ್ದು."

"ಅದನ್ನ ಬರಿ."