ಗಾಳಿಮರೆಯ ಬೈಕು

ಘಟಪ್ರಭೆಯ ದಂಡೆಯಲ್ಲಿ ಲಾಲಸಾಬ ಮೇಸ್ತ್ರಿ ಎಂಬ ಗುರುಗಳಿದ್ದರು. ಆಶ್ರಮಕ್ಕೆ ತಗಡಿನ ಮಾಡು, ನೆಲಕ್ಕೆ ಆಯಿಲ್ ಕಲೆ. ಬೈಕು ರಿಪೇರಿ ಬಿಟ್ಟು ಬೇರೆ ಯಾವ ಮೋಕ್ಷದ ಭರವಸೆಯನ್ನೂ ಅಲ್ಲಿ ಕೊಡುತ್ತಿರಲಿಲ್ಲ.

ಶಿಷ್ಯ ಯಮನೂರನಿಗೆ ಅಲ್ಲಿ ಆರು ವರ್ಷ ಕಳೆದಿದ್ದವು. ತನಗೆ ಎಲ್ಲ ಗೊತ್ತಾಗಿದೆ ಎಂದು ಅನ್ನಿಸಲು ಅಷ್ಟು ಕಾಲ ಧಾರಾಳವಾಗಿ ಸಾಕು.

ಒಂದು ಬೆಳಿಗ್ಗೆ ನೀಲಗಂಗಾ ಟೀಚರ್ ಬೈಕು ತಳ್ಳಿಕೊಂಡು ಬಂದರು. ಅವರು ಹುಡುಗಿಯರಿಗೆ ಸೈಕಲ್ ರೇಸು ಕಲಿಸುವವರು. ಬೈಕಿನಲ್ಲಿ ಅವರು ಮುಂದೆ ಹೋಗಬೇಕು. ಅದರ ಗಾಳಿಮರೆಯಲ್ಲಿ, ಹಿಂದಿನ ಟೈರಿಗೆ ಮೊಳ ದೂರ ಬಿಟ್ಟು, ಹುಡುಗಿ ಸೈಕಲ್ ತುಳಿಯಬೇಕು. ಅದು ಅವರ ಪಾಠದ ಕ್ರಮ.

"ನನ್ನ ಹುಟ್ಟಿದ ದಿನಕ್ಕ ನಮ್ಮ ತಮ್ಮ ಹೊಸಾ ಸೈಲೆನ್ಸರ್ ಹಾಕಿಸ್ಯಾನ. ಸಾಲದ್ದಕ್ಕ ದೊಡ್ಡ ಏರ್ ಫಿಲ್ಟರ್. ಅವತ್ತಿನಿಂದ ಗಾಡಿ ಬಿಕ್ಕಳಸಾಕ ಹತ್ತೈತಿ," ಎಂದರು.

"ತಗದ ಒಗಿಯೂಣೇನ್ರಿ?" ಎಂದ ಯಮನೂರ.

"ಪ್ರೀತಿಯಿಂದ ಕೊಟ್ಟಾನಪಾ. ತಗದ್ರ ಮಾತು ಬಿಡ್ತಾನ." ಟೀಚರ್ ದನಿ ತಗ್ಗಿತು. "ನಮ್ಮ ದಾನೇಶ್ವರಿಗೆ ಬರೂ ವಾರ ರಾಜ್ಯ ತಂಡದ ಆಯ್ಕೆ ಐತಿ. ನಿನ್ನೆ ಗಾಡಿ ಬಿಕ್ಕಳಿಸಿ, ಆ ಹುಡುಗಿ ಟೈರಿಗೆ ಬಡಿಯೂದು ಕೂದಲೆಳಿಯಾಗ ತಪ್ಪಿತು. ಇನ್ನ ನಿಮ್ಮ ಹಿಂದ ಬರಾಂಗಿಲ್ಲ ಅಂದ್ಲು."

ಗುರುಗಳು ಎಂಜಿನ್ನಿಗೆ ಕಿವಿಗೊಟ್ಟರು.

"ಮೂಗ ದೊಡ್ಡದ ಮಾಡ್ಯಾರ, ಹಿಂಬಾಗಿಲಾನೂ ದೊಡ್ಡದ ಮಾಡ್ಯಾರ. ಊಟ ಮಾತ್ರ ಮೊದಲಿನಷ್ಟ ಐತಿ. ಗಾಳಿಗೆ ತಕ್ಕ ಪೆಟ್ರೋಲ್ ಹೋಗವಲ್ದು. ಟ್ಯೂನರ್ ಹಾಕು, ಯಮನೂರ. ಯಾವುದು ಅನ್ನೂದು ನೀನ ಆರಿಸು."

ಆರು ವರ್ಷದಲ್ಲಿ ಮೊದಲ ಸಲ ಆಯ್ಕೆ ಶಿಷ್ಯನ ಕೈಗೆ ಬಂದಿತ್ತು.

ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಹೇಳುವ ಅಂಗೈಯಗಲದ ಡಬ್ಬಿಯೇ ಟ್ಯೂನರ್. ಪೇಟೆಯಲ್ಲಿ ಎರಡು ಬಗೆ ಇದ್ದವು. ಒಂದರಲ್ಲಿ ಲೆಕ್ಕವೆಲ್ಲ ಮೊದಲೇ ತುಂಬಿತ್ತು. ಮೇಲೆ ಚಿರತೆಯ ಚಿತ್ರ. ಇನ್ನೊಂದು ಖಾಲಿ, ಯಾವ ವೇಗಕ್ಕೆ ಎಷ್ಟು ಎಂದು ನಾವೇ ಓಡಿಸಿ, ನೋಡಿ, ತುಂಬಬೇಕು. ಅದರ ಮೇಲೆ ಯಾವ ಪ್ರಾಣಿಯೂ ಇರಲಿಲ್ಲ.

ಯಮನೂರ ಚಿರತೆಯನ್ನು ತಂದ.

ಜೋಡಿಸಿ, ಸೇತುವೆಯಾಚೆ ಓಡಿಸಿದ. ವೇಗದ ಮುಳ್ಳು ನೂರಿಪ್ಪತ್ತು ಮುಟ್ಟಿತು. ಕಣ್ಣಲ್ಲಿ ನೀರು ಬಂತು. ಗಾಳಿಗೋ ಹೆಮ್ಮೆಗೋ ಅವನು ವಿಚಾರಿಸಲಿಲ್ಲ.

"ಗುರುಗಳ, ಗಾಡಿ ಬಾಣ ಆಗೈತ್ರಿ!"

"ಬಾಣದ ಹಿಂದ ಯಾರ ಬರ್ತಾರ?"

ಗುರುಗಳು ಒಗಟು ಹೇಳಿದಾಗ ತಲೆಯಾಡಿಸುವುದು ಶಿಷ್ಯವೃತ್ತಿಯ ಮೊದಲ ಪಾಠ. ಯಮನೂರ ತಲೆಯಾಡಿಸಿದ.

ಗಾಡಿ ಒಯ್ಯಲು ಬರುವಾಗ ಸೈಕಲ್ಲೂ ಇರಲಿ ಎಂದು ಗುರುಗಳು ಟೀಚರಿಗೆ ಹೇಳಿಕಳಿಸಿದರು. ಸೈಕಲ್ ಬಂತು.

"ಹತ್ತು," ಎಂದರು ಗುರುಗಳು.

"ನಾನೇನ್ರಿ?"

"ಗಾಡಿ ಸರಿ ಮಾಡಿದಾಂವ ನೀನ ಅಲ್ಲೇನು?"

ಟೀಚರ್ ಹೆಲ್ಮೆಟ್ ಕೊಟ್ಟು, "ಮೊಳ ದೂರ ಬಿಡು," ಎಂದರು.

"ಯಾರ ಮೊಳಾರಿ?"

"ದಾನೇಶ್ವರಿದು. ಹದಿನಾರ ವರ್ಷದಾಕಿ."

ಟೀಚರ್ ಓಡಿಸುತ್ತಿದ್ದ ಬೈಕು ಮೂವತ್ತು ಮುಟ್ಟಿತು. ಯಮನೂರ ಏದುಸಿರು ಬಿಡುತ್ತ ತುಳಿದ. ಎಂಜಿನ್ ಒಮ್ಮೆ ಬಿಕ್ಕಳಿಸಿತು. ಹಿಂದಿನ ಟೈರು ಸೀದಾ ಅವನ ಮೇಲೆ ಬಂತು. ಹ್ಯಾಂಡಲ್ ತಿರುಗಿಸಿ ಕಬ್ಬಿನ ಹೊಲಕ್ಕೆ ಹೋದ. ಸೈಕಲ್ಲೂ ಹಿಂಬಾಲಿಸಿತು.

ಗುರುಗಳು ಬದುವಿನ ಮೇಲೆ ಬಂದು ನಿಂತರು.

"ನೂರಿಪ್ಪತ್ತು ಎಷ್ಟ ಸಲ ಬಂತೋ?"

"ಒಮ್ಮಿನೂ ಇಲ್ರಿ," ಎಂದಿತು ಕಬ್ಬು.

"ಮೂವತ್ತು?"

ಕಬ್ಬಿನ ನಡುವಿನಿಂದ ಹೆಲ್ಮೆಟ್ ಮೇಲೆದ್ದಿತು.

"ಆ ಹುಡುಗಿ ತುಳಿಯೂದ ಮೂವತ್ತು ನಲವತ್ತರಾಗ್ರಿ, ಗುರುಗಳ. ನಾ ಅದನ್ನ ನೋಡಲೇ ಇಲ್ಲ."

"ಎದ್ದು ಬಾ. ಕಬ್ಬು ಮಂದೀದು."

ಮರುದಿನ ಯಮನೂರ ಖಾಲಿ ಡಬ್ಬಿಯನ್ನು ತಂದ.

ನಾಲ್ಕು ದಿನ ಟೀಚರ್ ಬೈಕು ಓಡಿಸಿದರು. ಅವನು ಹಿಂದೆ ಕೂತು, ಗುರುಗಳ ಮಗಳ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಲೆಕ್ಕ ತುಂಬಿದ. ಇಪ್ಪತ್ತೆಂಟಕ್ಕೆ ಒಂದಿಷ್ಟು ಹೆಚ್ಚು. ಮೂವತ್ತೊಂದಕ್ಕೆ ತುಸು ಕಡಿಮೆ. ಮೂವತ್ತೈದು ಒಂದು ಪೂರ್ತಿ ಮಧ್ಯಾಹ್ನ ತಿಂದಿತು. ಎಂಜಿನ್ ಸುಡದಿರಲೆಂದು ಮೇಲಿನ ವೇಗಗಳಿಗೂ ಹೊಟ್ಟೆ ತುಂಬುವಷ್ಟು ಬಡಿಸಿದ. ಆದರೆ ಮುಳ್ಳು ಎಲ್ಲಿಯವರೆಗೆ ಏರುತ್ತದೆಂದು ನೋಡುವ ಆಸೆ ಅವನಿಗೆ ಉಳಿದಿರಲಿಲ್ಲ.

ದಿನಾ ಸಂಜೆ ತಾನೇ ಸೈಕಲ್ ಹತ್ತಿ ಬೈಕಿನ ಹಿಂದೆ ತುಳಿದ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲ ಸಂಜೆ ಎರಡು ಮಾರು ದೂರ. ನಾಲ್ಕನೆಯ ಸಂಜೆ ಒಂದು ಮೊಳ, ಅದೂ ದಾನೇಶ್ವರಿಯದು.

ಐದನೆಯ ಬೆಳಿಗ್ಗೆ ದಾನೇಶ್ವರಿ ಬಂದಳು. ಬೈಕನ್ನು ನಂಬದೆ ನೋಡಿದಳು.

"ಮತ್ತ ಬಿಕ್ಕಳಿಸಿದ್ರ, ಅಣ್ಣಾರ?"

"ನಾಕ ದಿನದಿಂದ ಅದರ ಹಿಂದ ನಾನ ಬರಾಕ ಹತ್ತೇನವಾ."

ಅವಳು ಅವನ ಮೊಣಕೈಗಳನ್ನು ಪರೀಕ್ಷಿಸಿದಳು. "ಈ ಗಾಯ ಯಾವಾಗಿಂದು?"

"ಕಬ್ಬಿನ ಹೊಲದ್ದು."

"ಇದು?"

"ಮೊದಲನೇ ದಿನದ್ದು."

"ನಿನ್ನೆ, ಮೊನ್ನೆದು?"

"ಯಾವುದೂ ಇಲ್ಲ."

"ಹಂಗಾರ ಬರ್ತೀನಿ," ಎಂದು ಹೆಲ್ಮೆಟ್ ಬಿಗಿದಳು.

ಬೈಕು ಮುಂದೆ, ಹುಡುಗಿ ಹಿಂದೆ. ನಡುವೆ ಒಂದು ಮೊಳ. ಸೇತುವೆಯವರೆಗೆ ಹೋದರು, ತಿರುಗಿ ಬಂದರು. ಆ ಮೊಳ ಹಿಗ್ಗಲಿಲ್ಲ, ಕುಗ್ಗಲಿಲ್ಲ. ದಾನೇಶ್ವರಿ ಇಳಿದು ನೀರು ಕುಡಿದಳು, ತನ್ನ ಚೈನು ಸಡಿಲಾಗಿದೆ ಎಂದು ದೂರಿದಳು, ಈ ಸಲ ನಲವತ್ತೈದಕ್ಕೆ ಓಡಿಸಿರಿ ಎಂದು ಟೀಚರಿಗೆ ಹೇಳಿ ಮತ್ತೆ ಹೊರಟುಬಿಟ್ಟಳು.

ಯಮನೂರ ಅವರು ಹೋದ ದಾರಿಯನ್ನೇ ನೋಡುತ್ತ ನಿಂತ.

"ನಾಕ ದಿನ ಬೆವರ ಸುರಿಸೇನ್ರಿ, ಗುರುಗಳ. ಆ ಹುಡುಗಿ ಗಾಡಿ ಬಗ್ಗೆ ಒಂದ ಮಾತರ ಆಡಲಿಲ್ಲ."

"ಆಡಿದ್ರ," ಎಂದರು ಗುರುಗಳು, "ಇನ್ನೂ ನಾಕ ದಿನ ಕೆಲಸ ಇರ್ತಿತ್ತು."