ಮರಿಕಾಳ ಗಾಳಿ ಮಿಷನ್ ಕೂರಿಸಿದ್ದು

ಕಬ್ಬಿನ ಸೀಮೆಯಲ್ಲಿ ಪುಟ್ಟಸಿದ್ದಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮರಿಕಾಳ ಅಂತ ಒಬ್ಬನೇ ಮಗ. ಮೂವತ್ತು ವರ್ಷ, ಹೋರಿಯಂಥ ಮೈ, ಎಳೆಗೂಸಿನಂಥ ಬುದ್ಧಿ. ಹೇಳಿದ ಮಾತು ಕೇಳುವುದಿಲ್ಲ ಅನ್ನುವ ಹಾಗಿಲ್ಲ, ಕೇಳುತ್ತಾನೆ. ಕೇಳಿ ಅದನ್ನೇ ಮಾಡುತ್ತಾನೆ. ಅದೇ ಕಷ್ಟ. ಊರಿನ ಬೇರೆ ತಾಯಂದಿರು ಮಕ್ಕಳು ಮಾತು ಕೇಳಲಿಲ್ಲ ಅಂತ ಅಳುತ್ತಿದ್ದರೆ, ಪುಟ್ಟಸಿದ್ದಮ್ಮ ಮಗ ಮಾತು ಕೇಳಿಬಿಟ್ಟ ಅಂತ ಅಳುತ್ತಿದ್ದಳು.

ಗಂಡ ಸತ್ತ ಮೇಲೆ ಹದಿನೆಂಟು ವರ್ಷ ಹೆದ್ದಾರಿ ಬದಿಯಲ್ಲಿ ಪಂಚರ್ ಅಂಗಡಿ ನಡೆಸಿದ ಹೆಂಗಸು ಅವಳು. ಒಂದು ದಿನ ರಸ್ತೆ ಅಗಲ ಮಾಡುವವರು ಬುಲ್ಡೋಜರ್ ತಂದು ಅಂಗಡಿಯನ್ನು ಮೋರಿಗೆ ತಳ್ಳಿದರು. ಮೊದಲು ಹೇಳಲಿಲ್ಲ, ಆಮೇಲೆ ಏನಾದೆ ಅಂತ ಕೇಳಲಿಲ್ಲ. ಯಾರ ಕಾರು ಓಡಲಿ ಅಂತ ಆ ರಸ್ತೆ ಅಗಲವಾಯಿತೋ, ಅವರ ಟೈರಿಗೆ ಹದಿನೆಂಟು ವರ್ಷ ಗಾಳಿ ಹೊಡೆದವಳು ಇವಳು. ಅದು ಯಾವ ನಕ್ಷೆಯಲ್ಲೂ ಇರಲಿಲ್ಲ.

ಪುಟ್ಟಸಿದ್ದಮ್ಮ ಅಳುತ್ತಾ ಕೂರಲಿಲ್ಲ. ಎರಡು ಎಮ್ಮೆ ಮಾರಿ ಒಂದು ಹಳೆಯ ಪಿಕಪ್ ಗಾಡಿ ತಂದಳು. ಅಂಗಡಿ ನಿಂತ ಜಾಗದಲ್ಲೇ ನಿಂತಿದ್ದರೆ ತಾನೆ ಕೆಡವುವುದು, ಚಕ್ರದ ಮೇಲಿಟ್ಟರೆ ಹೆಂಗೆ ಕೆಡವುತ್ತಾರೋ ನೋಡೇಬಿಡುವಾ ಅಂದಳು. ಗಾಡಿಯ ಮೇಲೆ ಗಾಳಿ ಮಿಷನ್ ಕೂರಿಸಿದರೆ ಪಂಚರ್ ಆದಲ್ಲಿಗೆ ಅಂಗಡಿಯೇ ಹೋಗುತ್ತದೆ.

ಸೋಮವಾರ ಸಕ್ಕರೆ ಕಾರ್ಖಾನೆ ಶುರು. ಕಬ್ಬಿನ ಗಾಡಿಗಳು ಸಾಲು ನಿಲ್ಲುವ ಯಾರ್ಡಿನಲ್ಲಿ ದಿನಕ್ಕೆ ನೂರು ಟೈರು ಗಾಳಿ ಇಳಿದು ಕೂರುತ್ತವೆ. ಯಾರ್ಡ್ ಸಾಹೇಬ ತೀರ್ಥಪ್ಪನ ಹತ್ತಿರ ಹೋಗಿ ಗೇಟಿನ ಪಕ್ಕ ಜಾಗ ಕೇಳಿದಳು. ತೀರ್ಥಪ್ಪನಿಗೆ ಮುಂದಿನ ಎರಡು ಹಲ್ಲಿನ ನಡುವೆ ಸಂದಿ, ಮಾತಾಡಿದರೆ ಸುಯ್ ಸುಯ್ ಅನ್ನುತ್ತದೆ. ಸೋಮವಾರ ಬೆಳಿಗ್ಗೆ ನನ್ನ ಕಣ್ಣೆದುರು ಟೈರಿಗೆ ಗಾಳಿ ಹೊಡೆದು ತೋರಿಸು, ಇಲ್ಲದಿದ್ದರೆ ಜಾಗ ನನ್ನ ಭಾಮೈದನಿಗೆ ಅಂದ. ಭಾಮೈದನಿಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

ಬುಧವಾರ ಪುಟ್ಟಸಿದ್ದಮ್ಮ ಮಗನನ್ನು ಪೇಟೆಗೆ ಗಾಳಿ ಪೈಪು ತರಲು ಕಳಿಸಿದಳು. ಪೈಪು ಮಡಚಬೇಡ, ಮಡಚಿದರೆ ಸೀಳಿಹೋಗುತ್ತೆ ಅಂದಳು.

"ಹಂಗೇ ಮಾಡ್ತೀನಿ ಕನವ್ವ," ಅಂದ ಮರಿಕಾಳ.

ಹತ್ತು ಮಾರು ಪೈಪು. ಮಡಚಲಿಲ್ಲ, ಸುತ್ತಲೂ ಇಲ್ಲ. ಒಂದು ತುದಿ ಕೈಲಿ ಹಿಡಿದು ಎಳೆದುಕೊಂಡು ಹೊರಟ. ಅವನು ಸೊಪ್ಪಿನ ಅಂಗಡಿ ದಾಟಿದಾಗ ಪೈಪಿನ ಬಾಲ ಇನ್ನೂ ಮೀನಿನ ಅಂಗಡಿಯಲ್ಲಿತ್ತು. ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತ. ಪೈಪು ಬಾಗಿಲಿನಿಂದ ಇಳಿದು ರಸ್ತೆಯ ಮೇಲೆ ಹರಿದುಕೊಂಡು ಬಂತು. ಆ ತುದಿ ಯಾರು ಹಿಡ್ಕೊಂಡವ್ರೆ ಅಂತ ಕಂಡಕ್ಟರು ಕೇಳಿದ. ಆ ಕಡೆ ಯಾರೂ ಇಲ್ಲ, ಈ ಕಡೆ ನಾನಿವ್ನಿ ಅಂದ. ಊರು ಮುಟ್ಟುವ ಹೊತ್ತಿಗೆ ಹತ್ತು ಮಾರಿನಲ್ಲಿ ಏಳು ಮಾರು ಉಳಿದಿತ್ತು.

ಪುಟ್ಟಸಿದ್ದಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೆ, ಹಿಂಗಾ ತರೋದು? ಚೆನ್ನಾಗ್ ಸುತ್ತಬೇಕು, ಹಗ್ಗ ಬಿಗೀಬೇಕು, ಹೆಗಲ ಮೇಲೆ ಹೊತ್ಕಂಡ್ ಬರಬೇಕು ಕನ್ಲಾ."

"ಹಂಗೇ ಮಾಡ್ತೀನಿ ಕನವ್ವ," ಅಂದ ಮರಿಕಾಳ.

ಗುರುವಾರ, ಪಕ್ಕದ ಊರಿನಿಂದ ಗಫೂರ್ ಸಾಬರನ್ನು ಕರೆದು ತಾ ಅಂತ ಕಳಿಸಿದಳು. ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದ ಮುದುಕ, ಮಂಡಿನೋವು, ಆದರೆ ಅವರು ಮುಟ್ಟಿದ ಮಿಷನ್ ಓಡದೆ ಇದ್ದದ್ದಿಲ್ಲ. ಸಾಬರು ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಮರಿಕಾಳ ಹೋದ. ಹಗ್ಗ ತೆಗೆದ. ಕಾಲಿನಿಂದ ಎದೆಯವರೆಗೂ ಚೆನ್ನಾಗಿ ಸುತ್ತಿದ, ಬಿಗಿದ, ಹೆಗಲ ಮೇಲೆ ಹೊತ್ತ, ನಡೆದ.

ದಾರಿಯಲ್ಲಿ ಸಿಕ್ಕವರೆಲ್ಲ ಈ ಮುದುಕ ಏನು ಕದ್ದ ಅಂತ ಕೇಳುವವರೇ.

"ನಾನೇನೂ ಕದ್ದಿಲ್ಲ ಕನ್ರಪ್ಪಾ," ಅಂತ ಸಾಬರು ತಲೆಕೆಳಗಾಗಿ ಕೂಗಿಕೊಂಡರು. "ನನ್ನನ್ನೇ ಕದ್ಕಂಡ್ ಹೋಯ್ತಾವ್ನೆ!"

ಪುಟ್ಟಸಿದ್ದಮ್ಮ ಹಗ್ಗ ಬಿಚ್ಚುತ್ತಾ ಸಾಬರ ಕಾಲಿಗೆ ಬಿದ್ದಳು. ಸಾಬರು ಮೊದಲು ರೇಗಿದರು. ಆಮೇಲೆ ಮಂಡಿ ಮುಟ್ಟಿ ನೋಡಿಕೊಂಡು, ಎರಡು ಮೈಲಿ ನಡೆಯುವ ಕಷ್ಟ ತಪ್ಪಿತು ಬಿಡು ತಾಯಿ, ನಾಳೆಯಿಂದ ಹಗ್ಗ ಸ್ವಲ್ಪ ಸಡಿಲ ಬಿಡಲಿ ಅಂದರು.

ಮಗನನ್ನು ಮೂಲೆಗೆ ಎಳೆದು ಪುಟ್ಟಸಿದ್ದಮ್ಮ ಹೇಳಿದಳು: "ಮನೆಗೆ ಬರೋರು ಅಂದ್ರೆ ಮೂಟೆ ಅಂದ್ಕಂಡ್ಯಾ? ಕುರ್ಚಿ ಮೇಲೆ ಕೂರಿಸಬೇಕು. ಕಾಲಿಗೆ ನೀರು ಕೊಡಬೇಕು. ಬಿಸಿಬಿಸಿ ಕಾಫಿ ಕುಡಿಸಬೇಕು. ತಿಳೀತಾ?"

"ಹಂಗೇ ಮಾಡ್ತೀನಿ ಕನವ್ವ."

ಶುಕ್ರವಾರ ಪುಟ್ಟಸಿದ್ದಮ್ಮ, ಸಾಬರು ಇಬ್ಬರೂ ಬೋಲ್ಟು ನಟ್ಟು ತರಲು ಹೋಗಿದ್ದರು. ಆಗ ಅವಳು ಪೇಟೆಯಲ್ಲಿ ಕೊಂಡಿದ್ದ ಗಾಳಿ ಮಿಷನ್ ಲಗೇಜ್ ಆಟೋದಲ್ಲಿ ಬಂತು. ಕೊಡದಂಥ ಹೊಟ್ಟೆಯ ಕಬ್ಬಿಣದ ಟ್ಯಾಂಕು, ಅದರ ಬೆನ್ನ ಮೇಲೆ ಮೋಟರು, ಪಕ್ಕದಲ್ಲಿ ಗಾಳಿ ಎಳೆದುಕೊಳ್ಳುವ ಬಾಯಿ. ಮನೆಗೆ ಬಂದವರಲ್ಲವೇ? ಮರಿಕಾಳ ಕುರ್ಚಿಯ ಮೇಲೆ ಕೂರಿಸಿದ. ಕಾಲಿಗೆ ಒಂದು ತಂಬಿಗೆ ನೀರು ಹುಯ್ದ. ಒಳಗೆ ಹೋಗಿ ಬೆಲ್ಲದ ಕಾಫಿ ಕಾಸಿ ತಂದು ಬಾಯಿಗೆ ಹಿಡಿದ. ಒಂದು ಲೋಟ ಕುಡಿಯಿತು. ಸಂಕೋಚ ಮಾಡ್ಕಬೇಡಿ ಅಂತ ಇನ್ನೊಂದು ಲೋಟ ಕುಡಿಸಿದ.

ಸಾಬರು ಬಂದು, ಓಡುತ್ತದೋ ನೋಡೋಣ ಅಂತ ಎರಡು ವೈರು ಗಾಡಿಯ ಬ್ಯಾಟರಿಗೆ ಮುಟ್ಟಿಸಿದರು. ಮಿಷನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ಕುಡಿದ ಕಾಫಿಯನ್ನೆಲ್ಲ ಸಾಬರ ಬಿಳಿ ಗಡ್ಡಕ್ಕೆ ಉಗಿಯಿತು. ಸಾಬರು ತುಟಿ ನೆಕ್ಕಿ, ಬೆಲ್ಲ ಸ್ವಲ್ಪ ಹೆಚ್ಚಾಯಿತು ಅಂದರು.

ಆದರೆ ಪುಟ್ಟಸಿದ್ದಮ್ಮನಿಗೆ ನಗು ಬರಲಿಲ್ಲ. ಸೋಮವಾರಕ್ಕೆ ಇನ್ನು ಮೂರೇ ದಿನ. ಎಮ್ಮೆಗಳು ಹೋದವು, ಅಂಗಡಿ ಹೋಯಿತು, ಈ ಮಿಷನ್ನೂ ಹೋದರೆ ಅವಳ ಕೈಗೆ ಉಳಿಯುವುದು ಒಂದು ಜಾಕು, ಒಬ್ಬ ಮಗ. ಸಾಬರು ಕತ್ತಲಾಗುವ ತನಕ ಮಿಷನ್ ಬಿಚ್ಚಿ ಒರೆಸಿ ಎಣ್ಣೆ ಹಾಕಿದರು. ಅವಳು ಮಗನಿಗೆ ಬೈದಳು: "ಮಿಷನ್ ಒಳಗೆ ನೀರು ನಿಲ್ಲಬಾರದು ಕನ್ಲಾ. ನೀರು ಕಂಡ್ರೆ ತಲೆಕೆಳಗೆ ಮಾಡಿ ಚೆಲ್ಲಬೇಕು. ಅಲ್ಲಾಡಿಸಿ ಬಿಸಿಲಿಗೆ ಇಡಬೇಕು."

"ಹಂಗೇ ಮಾಡ್ತೀನಿ ಕನವ್ವ."

ಶನಿವಾರ ಸಾಬರು ಪಿಕಪ್ಪಿನ ಕ್ಯಾಬಿನ್ ಹಿಂದೆ ನಾಲ್ಕು ತೂತು ಕೊರೆದು, ಅದುರಬಾರದು ಅಂತ ಕೆಳಗೆ ಟೈರಿನ ತುಂಡು ಕೊಟ್ಟು, ಮಿಷನ್ ಕೂರಿಸಿ ಬೋಲ್ಟು ಬಿಗಿದರು. ಬ್ಯಾಟರಿಯಿಂದ ದಪ್ಪ ವೈರು ಎಳೆದು ಸ್ಟೀರಿಂಗ್ ಪಕ್ಕ ಸ್ವಿಚ್ಚು ಇಡಬೇಕು. ಬ್ಯಾಟರಿ ಇಳಿಸಿ ಒರೆಸಿಡು ಅಂತ ಮರಿಕಾಳನಿಗೆ ಹೇಳಿ ನಮಾಜಿಗೆ ಹೋದರು.

ಮರಿಕಾಳ ಬ್ಯಾಟರಿಯ ಮುಚ್ಚಳ ತೆಗೆದು ಇಣುಕಿದ. ಒಳಗೆ ನೀರು.

ಸಾಬರು ಬಂದು ನೋಡಿದರೆ ಬ್ಯಾಟರಿ ಒಣಹಾಕಿದ್ದ ಹಪ್ಪಳದ ಪಕ್ಕದಲ್ಲಿ ಕವುಚಿಕೊಂಡು ಬಿಸಿಲು ಕಾಯುತ್ತಿದೆ. ಆಸಿಡ್ಡು ಬಿದ್ದು ಅಂಗಳದ ಕಲ್ಲು ಬುಸುಬುಸು ನೊರೆ ಕಾರುತ್ತಿದೆ. ಮರಿಕಾಳನ ಪಂಚೆಯಲ್ಲಿ ಜರಡಿಯಂತೆ ತೂತು. ತಾಯಿ ಅವನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ಇಪ್ಪತ್ತು ಕೊಡ ನೀರು ಹುಯ್ದಳು, ಒಂದೊಂದು ಕೊಡಕ್ಕೂ ಒಂದೊಂದು ಬೈಗುಳ. ಚರ್ಮಕ್ಕೇನೂ ಆಗಿಲ್ಲ ಅಂತ ಕಂಡ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಒಳಗಿರೋದು ಒಳಗೇ ಇರಬೇಕು ಮಗಾ," ಅಂದಳು. "ಒಂದು ಚೂರೂ ಹೊರಗೆ ಬಿಡಬೇಡ. ಕಾವಲು ಕಾಯಿ."

"ಹಂಗೇ ಮಾಡ್ತೀನಿ ಕನವ್ವ."

ಭಾನುವಾರ ಬೇರೆ ಬ್ಯಾಟರಿ ಬಂತು, ವೈರು ಸೇರಿತು. ಸಾಬರು ಸ್ವಿಚ್ಚು ಒತ್ತಿದರು. ಮಿಷನ್ ಗುಡುಗುಡು ಅಂದು ಟ್ಯಾಂಕು ತುಂಬಿತು. ಪುಟ್ಟಸಿದ್ದಮ್ಮ ಗಾಡಿಯ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಕೈ ಮುಗಿದಳು. ಪೈಪಿನ ಸಂದಿಯಲ್ಲೆಲ್ಲೋ ಸುಯ್ ಅಂತಿತ್ತು. ಸಾಬರು ಮರಿಕಾಳನಿಗೆ ಕಲಿಸಿದರು: ಸುಯ್ ಅಂದ ಕಡೆ ಸೋಪಿನ ನೊರೆ ಹಚ್ಚು, ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಅಂತ ಲೆಕ್ಕ, ಹಳೆ ಟ್ಯೂಬಿನ ಪಟ್ಟಿ ಮೂರು ಸುತ್ತು ಸುತ್ತಿ ಗಂಟು ಹಾಕು. ಮರಿಕಾಳ ಹಚ್ಚಿದ, ಸುತ್ತಿದ, ಗಂಟು ಹಾಕಿದ. ಸುಯ್ ನಿಂತಿತು. ಹುಟ್ಟಿದಂದಿನಿಂದ ಅವನು ಸರಿಯಾಗಿ ಮಾಡಿದ ಮೊದಲ ಕೆಲಸ. ತಾಯಿ ಆ ಗಂಟನ್ನು ಎರಡು ಸಲ ಮುಟ್ಟಿ ನೋಡಿದಳು.

ಸಂಜೆ ಅದೇ ಊರಿನ ನಿಂಗಪ್ಪಣ್ಣ ಎತ್ತಿನ ಗಾಡಿ ಹೊಡೆದುಕೊಂಡು ಬಂದ. ನಾಳೆ ಕಬ್ಬು ಹೇರಬೇಕು, ಟೈರಿಗೆ ಒಂಚೂರು ಗಾಳಿ ಹೊಡಿ ಅಂದ. ಮೊದಲ ಗಿರಾಕಿ. ಮರಿಕಾಳ ಟ್ಯಾಂಕನ್ನು ತಬ್ಬಿಕೊಂಡು ಕೂತುಬಿಟ್ಟ. ಒಳಗಿರೋದು ಒಳಗೇ ಇರಬೇಕು, ಒಂದು ಚೂರೂ ಹೊರಗೆ ಬಿಡಕಿಲ್ಲ ಅಂದ. ನಿಂಗಪ್ಪಣ್ಣ ಬೇಡಿದ, ಗದರಿದ. ಕೊನೆಗೆ ನಿನ್ನ ಗಾಳಿ ನೀನೇ ಉಪ್ಪಿನಕಾಯಿ ಹಾಕ್ಕೋ ಅಂತ ಬೈದು ಹೊರಟ. ಪುಟ್ಟಸಿದ್ದಮ್ಮ ಓಡಿಬಂದು ಗಾಡಿ ತಡೆದು ತಾನೇ ಗಾಳಿ ಹೊಡೆದಳು.

"ಕೊಡೋಕೆ ಅಂತಲೇ ಕನ್ಲಾ ಈ ಗಾಳಿ ಇರೋದು. ಗಾಡಿ ಯಜಮಾನ ತನ್ನ ಬಾಯಾರೆ ಸಾಕು ಅನ್ನೋಗಂಟ ಬಿಡ್ತಾನೇ ಇರು. ದಾರಿಲಿ ಹೋಗೋರ ಮಾತು ಕೇಳಬೇಡ. ಯಜಮಾನ ಹೇಳಬೇಕು. ಇದೊಂದ್ ನೆಪ್ಪಲ್ಲಿ ಮಡಿಕೋ ಮಗಾ, ನಾಳೆ ನಮ್ಮ ಬದುಕು."

"ಹಂಗೇ ಮಾಡ್ತೀನಿ ಕನವ್ವ."

ಸೋಮವಾರ ಬಂತು. ಯಾರ್ಡಿನಲ್ಲಿ ಅರವತ್ತು ಗಾಡಿ ಕಬ್ಬು. ಪುಟ್ಟಸಿದ್ದಮ್ಮ ಪಿಕಪ್ ಓಡಿಸಿಕೊಂಡು ಬಂದು ಗೇಟಿನ ಪಕ್ಕ ನಿಲ್ಲಿಸಿದಳು. ಸಾಬರು ಸೀಟಿನಲ್ಲಿ ಕೂತಿದ್ದರು. ತೀರ್ಥಪ್ಪ ತನ್ನ ಜೀಪಿನಲ್ಲಿ ಬಂದ. ಹತ್ತು ಗಂಟೆಗೆ ದೊಡ್ಡ ಸಾಹೇಬರನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರಬೇಕಂತೆ, ಅವರು ಬಂದು ಪೂಜೆ ಮಾಡಿದರೇನೇ ಗಾಣ ತಿರುಗುವುದಂತೆ, ಅದಕ್ಕೆ ಬೇಗ ಬೇಗ ಅಂದ. ಪರೀಕ್ಷೆಗೆ ತನ್ನ ಜೀಪಿನ ಟೈರನ್ನೇ ತೋರಿಸಿದ. ವಾರದಿಂದ ಮೆತ್ತಗಾಗಿತ್ತು, ಸ್ಟೆಪ್ನಿಯೂ ಹೋಗಿತ್ತು. ಬಿಟ್ಟಿ ಗಾಳಿ ಸಿಗುವಾಗ ಪರೀಕ್ಷೆ ಅಂತ ಹೆಸರಿಡುವುದು ಅಂಥವರಿಗೆ ಅಭ್ಯಾಸ.

ಮರಿಕಾಳ ಪೈಪಿನ ಮೂತಿಯನ್ನು ಟೈರಿಗೆ ಕಚ್ಚಿಸಿದ. ಗಾಳಿ ಹೊರಟಿತು. ಟೈರು ಎದ್ದು ನಿಂತಿತು. ಗಾಡಿಯವರೆಲ್ಲ ಭಲೇ ಅಂದರು.

ತೀರ್ಥಪ್ಪ ಕೈಲಿದ್ದ ಜಾಗದ ಫೈಲು ಮುಚ್ಚಿದ. "ಗಾಳಿಯೇನೋ ಬರ್ತದೆ. ಆದ್ರೆ ಹೆಂಗಸ್ರಿಗೆ ಯಾರ್ಡಲ್ಲಿ ಜಾಗ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಭಾಮೈದನಿಗೇ ಸುಮ್ನೆ..."

ಪುಟ್ಟಸಿದ್ದಮ್ಮ ತನ್ನ ಎಣ್ಣೆಗಪ್ಪು ಕೈ ನೋಡಿಕೊಂಡಳು. ಹದಿನೆಂಟು ವರ್ಷ ಲಾರಿ ಟೈರು ಬಿಚ್ಚುವಾಗ ಹೆಂಗಸು ಅಂತ ಯಾರೂ ಅಡ್ಡ ಬಂದಿರಲಿಲ್ಲ. ಸಾಹೇಬ ಮಾತಾಡುತ್ತಲೇ ಇದ್ದ, ಹಲ್ಲಿನ ಸಂದಿಯಿಂದ ಸುಯ್ ಸುಯ್ ಸುಯ್.

ಮರಿಕಾಳ ಕಿವಿ ನಿಮಿರಿಸಿದ. ಎಲ್ಲೋ ಸೋರುತ್ತಿದೆ. ಪೈಪಿಗೆ ಕಿವಿಯಿಟ್ಟ, ಅಲ್ಲಲ್ಲ. ಟ್ಯಾಂಕಿಗಿಟ್ಟ, ಅಲ್ಲೂ ಅಲ್ಲ. ಸುಯ್ ಸದ್ದಿನ ಜಾಡು ಹಿಡಿದುಕೊಂಡು ಬಂದು ಬಂದು ಸಾಹೇಬನ ಬಾಯಿಯ ಮುಂದೆ ನಿಂತ. ಒಂದು ಹಿಡಿ ಸೋಪಿನ ನೊರೆ ತುಟಿಗೆ ಮೆತ್ತಿದ. ಏನೋ ಇದು ಅಂದ ಸಾಹೇಬ. ದೊಡ್ಡದೊಂದು ಗುಳ್ಳೆ ಎದ್ದಿತು.

ಗುಳ್ಳೆ ಎದ್ದಿತಲ್ಲ! ಟ್ಯೂಬಿನ ಪಟ್ಟಿ ತೆಗೆದ, ಮೂರು ಸುತ್ತು ಸುತ್ತಿದ, ಕತ್ತಿನ ಹಿಂದೆ ಗಂಟು ಬಿಗಿದ. ಸುಯ್ ನಿಂತಿತು.

ಅರವತ್ತು ಗಾಡಿಯವರು ಕಬ್ಬಿನ ಮೇಲೆ ಬಿದ್ದು ಹೊರಳಾಡಿದರು. ಸಾಹೇಬ ಗಂಟು ಕೀಳುತ್ತಾನೆ, ಬರುವುದಿಲ್ಲ. ಹೋರಿ ಕಟ್ಟುವ ಗಂಟು ಅದು. ಇತ್ತ ಪೈಪು ಕಚ್ಚಿಕೊಂಡೇ ಇದ್ದ ಟೈರು ಕುಂಬಳಕಾಯಿಯಂತೆ ಊದುತ್ತಿದೆ.

"ಸಾಕು ನಿಲ್ಸೋ," ಅಂತ ಪುಟ್ಟಸಿದ್ದಮ್ಮ ಕಿರುಚಿದಳು.

"ನೀನು ಯಜಮಾನಿ ಅಲ್ಲ ಕನವ್ವ. ಯಜಮಾನ್ರು ಹೇಳಬೇಕು." ಸಾಹೇಬನ ಕಡೆ ತಿರುಗಿ ವಿನಯದಿಂದ ಕೇಳಿದ, "ಸಾಕಾ ಸಾಹೇಬ್ರೆ?"

ಸಾಹೇಬ ಎರಡೂ ಕೈ ಬೀಸಿದ, ಕುಣಿದ, ನೆಲ ಒದ್ದ. ಬಾಯಾರೆ ಮಾತ್ರ ಹೇಳಲಿಲ್ಲ. ಮರಿಕಾಳ ಬಿಡುತ್ತಲೇ ಇದ್ದ.

ಢಮ್.

ಎತ್ತುಗಳು ಬೆದರಿದವು. ಸಾಹೇಬನ ಟೋಪಿ ಹಾರಿ ಕಬ್ಬಿನ ರಾಶಿಯ ಮೇಲೆ ಕೂತಿತು. ಜೀಪು ಒಂದು ಕಡೆ ಮಂಡಿಯೂರಿತು. ಎಲ್ಲ ಹೋಯಿತು ಅಂತ ಪುಟ್ಟಸಿದ್ದಮ್ಮ ಕಣ್ಣು ಮುಚ್ಚಿದಳು. ಮುಚ್ಚಿದವಳು ಹಾಗೇ ಒಂದು ಗಳಿಗೆ ಯೋಚನೆ ಮಾಡಿದಳು. ಹತ್ತಕ್ಕೆ ರೈಲು. ಟೈರು ಹೋಯಿತು. ಸ್ಟೆಪ್ನಿ ಮೊದಲೇ ಹೋಗಿದೆ. ಹತ್ತು ಮೈಲಿಯಲ್ಲಿ ಪಂಚರ್ ಹಾಕುವವಳು ಇನ್ನು ಯಾರು? ಭಾಮೈದ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ.

ಅವಳು ಕಣ್ಣು ಬಿಟ್ಟು ಜಾಕು ಕೈಗೆತ್ತಿಕೊಂಡಳು. "ಸ್ಟೆಪ್ನಿಗೆ ಪಂಚರ್ ಹಾಕಿ ಕಾಲು ಗಂಟೇಲಿ ಗಾಡಿ ಎಬ್ಬಿಸಿಕೊಡ್ತೀನಿ ಸಾಹೇಬ್ರೆ. ಮೊದ್ಲು ಸೈನು, ಆಮೇಲೆ ಜಾಕು."

ತೀರ್ಥಪ್ಪ ಗಡಿಯಾರ ನೋಡಿದ, ಜೀಪು ನೋಡಿದ, ನಗುತ್ತಾ ನಿಂತ ಅರವತ್ತು ಜನರನ್ನು ನೋಡಿದ. ಫೈಲು ತೆರೆದು ಸೈನು ಹಾಕಿದ. ಗಫೂರ್ ಸಾಬರು ಓದಿ ನೋಡಿ, ಸರಿಯಿದೆ ತಾಯಿ, ಗೇಟಿನ ಪಕ್ಕ, ಸುಗ್ಗಿ ಮುಗಿಯುವ ತನಕ ಅಂದರು. ಪುಟ್ಟಸಿದ್ದಮ್ಮ ಕಾಗದವನ್ನು ರವಿಕೆಯೊಳಗೆ ಸೇರಿಸಿ, ಟ್ಯೂಬು ಕತ್ತರಿಸುವ ಕತ್ತರಿಯಿಂದ ಸಾಹೇಬನ ಬಾಯಿಪಟ್ಟಿ ಕತ್ತರಿಸಿದಳು.

ಸಾಹೇಬ ಉಸಿರು ಎಳೆದುಕೊಂಡ. "ಸಾಕು," ಅಂದ. "ಸಾಕಪ್ಪಾ ಸಾಕು."

ಹರಿದ ಟೈರಿನ ಪಕ್ಕ ಇನ್ನೂ ಪೈಪು ಹಿಡಿದುಕೊಂಡೇ ಕೂತಿದ್ದ ಮರಿಕಾಳ ತಲೆಯೆತ್ತಿ ನೋಡಿದ.

"ಇಷ್ಟು ಬೇಗ ಸಾಕಾ ಸಾಹೇಬ್ರೆ? ಇನ್ನೂ ತುಂಬಲೇ ಇಲ್ವಲ್ಲ."